ಅಫ್ಶೀನ್ ಲಿಫ್ಟ್ ಮಿಲ್ಲರ್

ಮಿಲ್ಲರಿಗೆ ನಂಬರ್ ಪ್ಲೇಟು ಇರುವುದಿಲ್ಲ. ಲಾರಿಗೆ, ಟ್ರ್ಯಾಕ್ಟರಿಗೆ ಕಾಗದಪತ್ರ ಇರುತ್ತವೆ. ಆದರೆ ಉಸುಕು, ಖಡಿ, ಸಿಮೆಂಟು ಕಲಸಿ ಮೇಲಿನ ಮಹಡಿಗೆ ಎತ್ತಿಕೊಡುವ ಆ ಯಂತ್ರವನ್ನು ಯಾರು ಕೊಂಡರು, ಯಾರು ಮಾರಿದರು ಎನ್ನುವುದಕ್ಕೆ ಬಾಯಿಮಾತೇ ಆಧಾರ. ಡ್ರಮ್ಮಿನ ಹೊಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ ಹೆಸರೇ ಗುರುತು. ಅಂಥ ಒಂದು ಹೆಸರಿನಿಂದಾಗಿ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಪರ್ವೇಜನ ಹೆಂಡತಿ ಅಫ್ಶೀನ್‌ಗೆ ಕಲಬುರಗಿಯ ಕೋರ್ಟಿನಿಂದ ನೋಟಿಸು ಬಂತು.

ಪೋಸ್ಟಿನವನು ಬಂದಾಗ ಅತ್ತೆ ಇಮಾಮಬಿ ಬಾಗಿಲಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದಳು. ಪರ್ವೇಜ್ ಲಕೋಟೆ ಒಡೆದು, ತುಟಿ ಅಲ್ಲಾಡಿಸುತ್ತ ಓದಿ, ಕೊನೆಗೆ ಜೋರಾಗಿ ಓದಿದ.

"ಎದುರುದಾರರು ನಂಬರ್ ಎರಡು, ಅಫ್ಶೀನ್. ಅಫ್ಶೀನ್ ಲಿಫ್ಟ್ ಮಿಲ್ಲರಿನ ಮಾಲಕಿ."

ಇಮಾಮಬಿ ಮೊರ ಕೆಳಗಿಟ್ಟಳು. "ಮಾಲಕಿ ಅಂತ ಬರ್ದಾರ? ಕೋರ್ಟಿನವ್ರು?"

"ಬರ್ದಾರ, ಅಮ್ಮೀ. ಆದ್ರ ಪರಿಹಾರ ಕೊಡು ಅಂತ ಕೇಳಾಕ ಬರ್ದಾರ."

"ಹಂಗಾರ ತಪ್ಪು ಬರ್ದಾರ ತಗೋ," ಎಂದು ಇಮಾಮಬಿ ಮತ್ತೆ ಮೊರ ಎತ್ತಿಕೊಂಡಳು.

ಅಫ್ಶೀನ್ ಗಂಡನ ಕೈಯಿಂದ ಕಾಗದ ತೆಗೆದುಕೊಂಡಳು. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಒಂದು ಮನೆಯ ಸ್ಲ್ಯಾಬ್ ಹಾಕುವಾಗ ಲಿಫ್ಟಿನ ತಂತಿ ಹಗ್ಗ ಹರಿದು, ತುಂಬಿದ ಕಬ್ಬಿಣದ ಬಕೆಟ್ಟು ಕೆಳಗೆ ಬಿದ್ದಿತ್ತು. ಖಡಿ ತುಂಬುತ್ತಿದ್ದ ಮಹಾಗಾಂವದ ಕೂಲಿ ಹೆಂಗಸಿನ ಎಡಗಾಲು ಜಜ್ಜಿ ಹೋಗಿ, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗಿ ಬಂದಿತ್ತು. ಹೆಂಗಸಿನ ಹೆಸರು ಮಾನಮ್ಮ. ಕೆಲಸ ಹಿಡಿದ ಗುತ್ತಿಗೆದಾರ ದೇವೀಂದ್ರಪ್ಪ ಎದುರುದಾರ ನಂಬರ್ ಒಂದು. ಮಿಲ್ಲರ್ ತನ್ನದಲ್ಲ, ಬಾಡಿಗೆಗೆ ಕರೆಸಿದ್ದು, ಅದರ ಮೈಮೇಲೆಯೇ ಮಾಲಕಿಯ ಹೆಸರಿದೆ ಎಂದು ಅವನು ಕೋರ್ಟಿಗೆ ಉತ್ತರ ಕೊಟ್ಟಿದ್ದ.

ಮಾನಮ್ಮ ಎಂಬ ಹೆಸರಿನ ಮೇಲೆ ಅಫ್ಶೀನಳ ಕಣ್ಣು ನಿಂತಿತು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ, ಅಫ್ಶೀನಳ ಮದುವೆಯ ದಿನ ಕಲಬುರಗಿಯ ಮೋಮಿನಪುರದ ತವರುಮನೆಗೆ ಬಂದು, ತನಗಾಗಿ ಮಾಡಿಸಿದ್ದ ಬೇರೆ ಅಡುಗೆ ಉಂಡು, "ನಿಮ್ಮ ಬಿರ್ಯಾನಿ ವಾಸನಿಗೇ ನನ್ನ ಅರ್ಧ ಹೊಟ್ಟಿ ತುಂಬ್ತು ಯವ್ವಾ" ಎಂದು ನಗಿಸಿದ ಮಾನಮ್ಮ. ಕಾಲು ಹೋಗಿ ಇಷ್ಟು ದಿನವಾದರೂ ಸುದ್ದಿ ತಿಳಿದಿರಲಿಲ್ಲ. ಅಬ್ಬಾ ತೀರಿಕೊಂಡ ಮೇಲೆ ಆ ಕಡೆಯಿಂದ ಅವಳಿಗೆ ಫೋನ್ ಮಾಡುವವರು ಯಾರೂ ಉಳಿದಿರಲಿಲ್ಲ. ತಾಯಿ ಮೊದಲೇ ಇರಲಿಲ್ಲ.

ಅವಳ ಅಬ್ಬಾ ಅಲ್ಲಾವುದ್ದೀನ್ ಆ ಮಿಲ್ಲರ್ ನಡೆಸುತ್ತಿದ್ದ. ನಡೆಸುತ್ತಿದ್ದ ಅಷ್ಟೆ, ಯಂತ್ರ ದೇವೀಂದ್ರಪ್ಪನದು. ಅದು ಬಂದ ವರ್ಷ ಪೇಂಟರನನ್ನು ಕರೆಸಿ ದೇವೀಂದ್ರಪ್ಪನೇ ಅಂದಿದ್ದನಂತೆ: "ಅಲ್ಲಾವುದ್ದೀನ್, ನಿನ್ನ ಮಗಳ ಹೆಸರು ಬರಸು. ನನ್ನ ಮಗಳಿದ್ದಂಗ ಆಕಿ." ಬಿಳಿಯ ಮೇಲೆ ಕೆಂಪು ಅಕ್ಷರ, ಎರಡೂ ಬದಿಗೆ ಗುಲಾಬಿ ಹೂವು. ಅಂದಿನಿಂದ ಊರಲ್ಲಿ ಅಲ್ಲಾವುದ್ದೀನನ ಹೆಸರೇ "ಅಫ್ಶೀನ್ ಮಿಲ್ಲರ್" ಆಯಿತು. ಚಹಾದಂಗಡಿಯಲ್ಲಿ "ಬರ್ರಿ ಮಾಲಕ್ರ" ಎನ್ನುವವರು ಹೆಚ್ಚಾದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಚಹಾ ಕುಡಿದ. ಬಡವನಿಗೆ ಯಾರಾದರೂ ಪುಕ್ಕಟೆ ಮರ್ಯಾದೆ ಕೊಟ್ಟರೆ ಅದನ್ನು ತಿರುಗಿ ಕೊಡುವುದು ಕಷ್ಟ.

ಕಮಲಾಪುರದವರು ಹೆಣ್ಣು ನೋಡಲು ಬಂದ ದಿನ, ಮರುದಿನದ ಕೆಲಸಕ್ಕೆಂದು ಮಿಲ್ಲರ್ ಅವರ ಮನೆಯ ಮುಂದೆಯೇ ನಿಂತಿತ್ತು. ಓಣಿ ಚಿಕ್ಕದು. ಬೀಗರು ಅದಕ್ಕೆ ಮೈ ಉಜ್ಜಿಕೊಂಡೇ ಒಳಗೆ ಬರಬೇಕಾಯಿತು. ಇಮಾಮಬಿ ಹೆಸರು ಓದಿಸಿ ಕೇಳಿ, ಹುಡುಗಿಯ ಮುಖ ನೋಡುವ ಮೊದಲೇ ಸಂಬಂಧ ಒಪ್ಪಿದ್ದಳು. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಆಮೇಲೆ ಕಮಲಾಪುರದಲ್ಲಿ ಯಾರ ಮುಂದೆ ನಿಂತರೂ ಸೊಸೆಯ ಬಗ್ಗೆ ಇಮಾಮಬಿಯ ಮಾತು ಒಂದೇ: "ನಮ್ಮ ಬಹು ಮಿಲ್ಲರ್ ಮಾಲಕನ ಮಗಳು."

ಆದರೆ ಅಫ್ಶೀನ್ ಅಪ್ಪನ ಎರಡು ದನಿ ಕೇಳಿ ಬೆಳೆದವಳು. ಒಂದು ಕೆಲಸದ ಜಾಗದ ದನಿ. ಬಕೆಟ್ಟು ಮೇಲೇರುವಾಗ "ಬಾಜೂ!" ಎಂದು ಅವನು ಕೂಗಿದರೆ ಹೆಂಗಸರೆಲ್ಲ ಬುಟ್ಟಿ ಬಿಟ್ಟು ಬದಿಗೆ ಸರಿಯುತ್ತಿದ್ದರು. ಇನ್ನೊಂದು ಮನೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಫೋನಿನಲ್ಲಿ ಮಾತಾಡುವ ದನಿ. ಆ ದನಿ ಕೇಳಿದರೆ ಅವಳು ಏನಾದರೂ ನೆಪ ತೆಗೆದು ನೀರಿನ ಕೊಡದ ಕಡೆ ಹೋಗಿಬಿಡುತ್ತಿದ್ದಳು.

*

ದೇವೀಂದ್ರಪ್ಪ ಅವರನ್ನು ಖೂಬಾ ಪ್ಲಾಟಿನ ತನ್ನ ಮನೆಗೆ ಕರೆಸಿಕೊಂಡ. ಹಣೆಯ ತುಂಬ ವಿಭೂತಿ, ಬಿಳಿ ಅಂಗಿ. ತಾನೇ ಎದ್ದು ಬಂದು ಫ್ಯಾನು ಹಾಕಿದ. ಚಹಾ, ಅದರ ಜೊತೆ ಚೂಡಾ ಬಂತು.

"ನೀ ಸಣ್ಣಾಕಿ ಇದ್ದಾಗ ಇಲ್ಲೇ ಈ ಕಟ್ಟಿ ಮ್ಯಾಲ ಕುಂತು ಪೇಪರ್‌ಮಿಂಟ್ ತಿಂತಿದ್ದಿ. ನೆನಪದ ಇಲ್ಲೋ?" ಎಂದ.

"ಅದ ಕಾಕಾ."

"ಈ ನೋಟಿಸಿಗೆ ನೀ ಏನೂ ಅಂಜಬ್ಯಾಡ. ಕೋರ್ಟಿಗೆ ಬಂದು ಒಂದ ಮಾತ ಹೇಳು. 'ಹೌದ್ರಿ, ಮಿಲ್ಲರ್ ನಮ್ಮಪ್ಪಂದು' ಅಂತ. ಅವ ತೀರಿಕೊಂಡಾನ. ಅವನ ಹೆಸರಿಲೆ ಮನಿ ಇಲ್ಲ, ಹೊಲ ಇಲ್ಲ, ನಿನಗ ಬಂದ ಆಸ್ತಿ ಏನೂ ಇಲ್ಲ. ಕೋರ್ಟ್ ಏನ್ ಗೋರಿ ಅಗದು ವಸೂಲ್ ಮಾಡ್ತದ?"

"ಮಾನಮ್ಮಂದು?" ಎಂದು ಅಫ್ಶೀನ್ ಕೇಳಿದಳು.

"ಆಕಿಗೆ ದವಾಖಾನಿ ಖರ್ಚು ನಾನೇ ಹಾಕೀನಿ. ಇನ್ನ ಮುಂದೂ ನೋಡ್ತೀನಿ. ಮಾನವೀಯತಿ ಅಂತ ಒಂದ ಇರ್ತದ. ಕೋರ್ಟ್ ಹೇಳಿದ ಮ್ಯಾಲ ಕೊಡೋದು ಬ್ಯಾರೆ, ಮನಸಿಂದ ಕೊಡೋದು ಬ್ಯಾರೆ."

ಮನಸ್ಸಿನಿಂದ ಕೊಡುವವನು ಮನಸ್ಸು ಬಂದಾಗ ಮಾತ್ರ ಕೊಡುತ್ತಾನೆ ಎನ್ನುವುದು ಅಫ್ಶೀನ್‌ಗೆ ಗೊತ್ತಿತ್ತು. ಅವಳು ಚಹಾದ ಕಪ್ಪು ಕೆಳಗಿಟ್ಟಳು.

ದೇವೀಂದ್ರಪ್ಪ ಈಗ ಪರ್ವೇಜನ ಕಡೆ ತಿರುಗಿದ. "ಹೆಂಗೂ ಯಂತ್ರದ ಮ್ಯಾಲ ಆಕಿ ಹೆಸರದ. ಕೇಸ್ ಮುಗೀಲಿ, ನೀವೇ ಒಯ್ರಿ ಅದನ್ನ. ಹೊಸಾ ಹಗ್ಗ ಹಾಕಿಸಿ ಕೊಡ್ತೀನಿ. ಕಮಲಾಪುರದಾಗ ಈಗ ಮನಿ ಮ್ಯಾಲ ಮನಿ ಏಳಾಕತ್ತಾವ. ಬಾಳೆಹಣ್ಣು ಮೂರು ದಿನಕ್ಕ ಕೊಳೀತದ. ಕಬ್ಬಿಣ ಕೊಳೀತದೇನಪ?"

ಪರ್ವೇಜನ ಮುಖದಲ್ಲಿ ಬೆಳಕು ಬಂತು. ಅವನು ಕೆಟ್ಟವನಲ್ಲ. ತೋಟದಲ್ಲಿ ಗೊನೆ ಹಿಡಿದು, ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರಿ, ಉಳಿದದ್ದನ್ನು ಸಂಜೆ ಅರ್ಧಕ್ಕೆ ಕೊಟ್ಟು ಬರುವವನು. ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಯ ಹೊರಗೆ ಮನೆ ಕಟ್ಟುವುದು ಕಂಡಲ್ಲೆಲ್ಲ ಕತ್ತು ಹೊರಳಿಸಿ ನೋಡಿದ.

"ಹಂಗ ನೋಡಿದ್ರ ಸುಳ್ಳೂ ಅಲ್ಲ," ಎಂದ. "ಎಲ್ಲಾರೂ ಅದು ನಿಮ್ಮ ಅಬ್ಬಾಂದೇ ಅಂತಾರ. ಅಮ್ಮೀನೂ ಅಂತಾಳ. ನಾನೂ ಅಂತೀನಿ."

ಅಫ್ಶೀನ್ ಅವನ ಕಡೆ ನೋಡಿದಳು. ಯಂತ್ರ ಅಬ್ಬಾನದಲ್ಲ ಎಂದು ಇವತ್ತಿಗೂ ಅವಳು ಗಂಡನಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಕಂಡಕ್ಟರ್ ಟಿಕೇಟು ಕೇಳಿದ. ಪರ್ವೇಜ್ ನಗುತ್ತ ಅವಳ ಆಧಾರ್ ಕಾರ್ಡು ತೋರಿಸಿ, "ಮಾಲಕೇರ್ರಿ, ಫ್ರೀ ಅದಾರ," ಎಂದ. ಮದುವೆಯಾದ ಮೇಲೆ ಅವನು ಹೀಗೆ ಹುಡುಗಾಟ ಮಾಡಿದ್ದು ಕಡಿಮೆ. ಅವಳು ಬಾಯಿ ಮುಚ್ಚಿಕೊಂಡಳು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಿಲ್ಲರಿನದೇ ಮಾತು. ಎಲ್ಲಿ ನಿಲ್ಲಿಸುವುದು, ಯಾರನ್ನು ಆಪರೇಟರ್ ಮಾಡುವುದು. "ಹೆಸರ ಬಾಜೂಕ ಪರ್ವೇಜ್ ಅಂತನೂ ಬರಸಬೇಕು," ಎಂದು ಇಮಾಮಬಿ ಅಂದಳು. ಅಫ್ಶೀನ್ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಒಂದು ಮನೆಯಲ್ಲಿ ಮೂವರಿದ್ದು, ಇಬ್ಬರು ಒಂದೇ ಕನಸು ಕಾಣುತ್ತಿದ್ದರೆ ಮೂರನೆಯವರು ಅಲ್ಲಿ ಬಾಡಿಗೆಗೆ ಇದ್ದ ಹಾಗೆ.

*

ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ಮಾನಮ್ಮ ಒಬ್ಬಳೇ ಕುಳಿತಿದ್ದಳು. ಪಕ್ಕದಲ್ಲಿ ಎರಡು ಕಂಕುಳಗೋಲು. ಪರ್ವೇಜ್ ವಕೀಲರನ್ನು ಹುಡುಕಲು ಒಳಗೆ ಹೋದ. ಅಫ್ಶೀನ್ ಹತ್ತಿರ ಹೋಗಲೋ ಬೇಡವೋ ಎಂದು ನಿಂತಾಗ ಮಾನಮ್ಮನೇ ಕರೆದಳು.

"ಬಾ ಯವ್ವಾ. ಕೇಸಿನಾಗ ನಿನ್ನ ಹೆಸರು ನಾ ಬರಸಿಲ್ಲ. ಸಾವಕಾರ ದೇವೀಂದ್ರಪ್ಪ ಬರಸ್ಯಾನ. ನಮ್ಮ ಶೀಲಾ ವಕೀಲರು ಹೇಳಿದಾಗ ನನ್ನ ಜೀವಾನೇ ಹೋದಂಗಾತು."

ಅಫ್ಶೀನ್ ಪಕ್ಕದಲ್ಲಿ ಕುಳಿತಳು. ಸೀರೆಯ ನೆರಿಗೆ ಒಂದು ಕಡೆ ಖಾಲಿಯಾಗಿ ಬೆಂಚಿಗೆ ಅಂಟಿಕೊಂಡಿತ್ತು. ಎಲ್ಲಿ ನೋಡಬೇಕೋ ತಿಳಿಯದೆ ಅವಳು ಗಿಡದ ಕಡೆ ನೋಡಿದಳು.

"ನೋಡ್ ನೋಡು," ಎಂದಳು ಮಾನಮ್ಮ. "ನಮ್ಮೂರಾಗ ಬರೋರೆಲ್ಲಾ ಮುಖ ನೋಡಿ ಮಾತಾಡ್ತಾರ, ಕಳ್ಳರಂಗ. ಒಬ್ಬರೂ ಕಾಲ ನೋಡಂಗಿಲ್ಲ. ಆಮ್ಯಾಲ ಬರೋದ ಬಿಡ್ತಾರ."

"ಹೆಂಗಾತು ಮಾನಕ್ಕ?"

"ಏನ್ ಹೆಂಗಾತು? ನಿಮ್ಮಪ್ಪ ಹಗ್ಗಕ್ಕ ಒಂದು ಹಸರ ಅರಿವಿ ಕಟ್ಟಿದ್ನಲ್ಲ, ನಿನ್ನ ಓಢಣಿದು. ಎಳಿ ಹರಿದಿದ್ದ ಜಾಗಾಕ್ಕ. ಅದು ಮ್ಯಾಲಿನ ಗಾಲಿ ಹತ್ರ ಬಂತಂದ್ರ ಯಂತ್ರ ಸಾವಕಾಶ ಮಾಡಿ 'ಬಾಜೂ' ಅಂತಿದ್ದ. ನಾವು ಅರಿವಿ ಮ್ಯಾಲ ಕಣ್ಣಿಟ್ಟು ಸರೀತಿದ್ವಿ. ಅವ ಹೋದ ಮ್ಯಾಲ ಹೊಸಾ ಹುಡುಗ ಬಂದ. ಖೂಬಾ ಪ್ಲಾಟಿನ ಸ್ಲ್ಯಾಬಿಗೆ ಮನಿ ಮಾಲಕರು ಪೂಜಿ ಮಾಡೋರಿದ್ರು. ಯಂತ್ರ ತೊಳದು ಸ್ವಚ್ಛ ಮಾಡ್ರಿ ಅಂದ್ರು. ಹೊಲಸ ಅರಿವಿ ಅಂತ ಅದನ್ನ ಬಿಚ್ಚಿ ಅತ್ತಾಗ ಒಗದು, ಹಗ್ಗಕ್ಕ ಹೂವಿನ ಮಾಲಿ ಹಾಕಿ ಲಿಂಬಿಕಾಯಿ ಕಟ್ಟಿದ್ರು. ಕಾಯಿ ಒಡದು ಪೇಡೆ ಹಂಚಿದ್ರು. ನಾನೂ ತಿಂದೆ." ಮಾನಮ್ಮ ಖಾಲಿ ನೆರಿಗೆಯನ್ನು ಸರಿಪಡಿಸಿಕೊಂಡಳು. "ಅರಿವಿ ಕಾಣ್ಲಿಲ್ಲ. ನಾ ಸರೀಲಿಲ್ಲ."

ಒಳಗಿನಿಂದ ಹೆಸರು ಕೂಗಿದರು. ಮಾನಮ್ಮ ಕಂಕುಳಗೋಲಿಗೆ ಕೈ ಹಾಕುತ್ತ ಅಂದಳು: "ನಿಮ್ಮಪ್ಪಗ ಕೆಟ್ಟ ಹೆಸರ ಬರೂ ಮಾತ ನೀ ಹೇಳಬ್ಯಾಡ. ನನ್ನ ಕಾಲೇನು ತಿರುಗಿ ಬರಂಗಿಲ್ಲ."

ಅಷ್ಟು ಹೇಳದೆ ಇದ್ದಿದ್ದರೆ ಅಫ್ಶೀನ್ ಏನು ಮಾಡುತ್ತಿದ್ದಳೋ ಹೇಳಲಾಗದು.

ಅವಳು ಸಾಕ್ಷಿ ಕಟ್ಟೆ ಹತ್ತಿದಳು. ಹಿಂದಿನ ಸಾಲಿನಲ್ಲಿ ಪರ್ವೇಜ್, ಅವನ ಪಕ್ಕದಲ್ಲಿ ದೇವೀಂದ್ರಪ್ಪ. ದೇವೀಂದ್ರಪ್ಪನ ವಕೀಲರು ಮಿಲ್ಲರಿನ ಫೋಟೋ ತೋರಿಸಿದರು. ಕೆಂಪು ಅಕ್ಷರ, ಗುಲಾಬಿ ಹೂವು.

"ಈ ಹೆಸರು ಯಾರದಮ್ಮಾ?"

"ನಂದೇರಿ."

"ಹಂಗಾದ್ರ ಯಂತ್ರ ನಿಮ್ಮ ತಂದೆಯವರದು. ಹೌದಿಲ್ಲೋ?"

"ಅಲ್ರಿ. ಸಾವಕಾರ್ರದು."

ಹಿಂದೆ ಕುರ್ಚಿ ಕಿರುಗುಟ್ಟಿತು. ಅವಳು ತಿರುಗಲಿಲ್ಲ.

"ಅದಕ್ಕ ಕಾಗದ ಅದ ಏನು?"

"ಕಾಗದ ಯಾರ ಕಡೀನೂ ಇಲ್ರಿ. ನಮ್ಮ ಅಬ್ಬಾ ಮನಿಯಿಂದ ಅವ್ರಿಗೆ ಫೋನ್ ಮಾಡ್ತಿದ್ರು. ನಾ ಕೇಳೀನಿ."

"ಏನಂತ?"

ನೀರಿನ ಕೊಡದ ಕಡೆ ಓಡಿ ಕಿವಿ ತಪ್ಪಿಸಿಕೊಂಡ ದನಿ ಅದು. ಈಗ ತನ್ನ ಬಾಯಿಂದಲೇ, ಗುರುತಿಲ್ಲದ ಜನರ ಮುಂದೆ, ಗಂಡನ ಮುಂದೆ ಅದನ್ನು ಹೊರಗೆ ತೆಗೆಯಬೇಕು.

"'ಸಾವಕಾರ್ರೀ, ನಿಮ್ಮ ಕಾಲ ಬೀಳ್ತೀನ್ರಿ, ಈ ಸಲ ಹಗ್ಗ ಒಂದ ಕೊಡಸ್ರಿ' ಅಂತಿದ್ರು. ಅವ್ರು ಮುಂದಿನ ಸ್ಲ್ಯಾಬಿಗೆ ಅಂತಿದ್ರು. ಮತ್ತ ಮುಂದಿನ ಸ್ಲ್ಯಾಬಿಗೂ ಅಬ್ಬಾ ಹಂಗೇ ಅಂತಿದ್ರು." ಅವಳು ಉಸಿರು ತೆಗೆದುಕೊಂಡಳು. "ಯಂತ್ರ ತಮ್ಮದೇ ಆಗಿದ್ರ, ಹಗ್ಗ ಕೊಡಸ್ರಿ ಅಂತ ಇನ್ನೊಬ್ಬರ ಕಾಲ ಯಾಕ ಬೀಳ್ತಿದ್ರು ಸಾಹೇಬ್ರ?"

ನ್ಯಾಯಾಧೀಶರು ತಲೆ ಎತ್ತಿ ನೋಡಿ, ಬರೆಸಿಕೊಂಡರು. ವಕೀಲರು ಬಿಡಲಿಲ್ಲ.

"ಅಂದ್ರ ಹಗ್ಗ ಕೆಟ್ಟದ ಅಂತ ನಿಮ್ಮ ತಂದೆಗೆ ಗೊತ್ತಿತ್ತು."

ಈ ಪ್ರಶ್ನೆ ಬರುತ್ತದೆಂದು ಅವಳು ನೆನೆಸಿರಲಿಲ್ಲ. ಮಾನಮ್ಮ ಯಾಕೆ ಬೇಡವೆಂದಳು ಎಂಬುದು ಆಗ ತಿಳಿಯಿತು.

"ಗೊತ್ತಿತ್ರಿ."

"ಗೊತ್ತಿದ್ದೂ ಅದೇ ಹಗ್ಗದ ಮ್ಯಾಲ ಯಂತ್ರ ನಡಸ್ತಿದ್ದ. ಕೆಳಗ ಹೆಂಗಸರು ನಿಂತಿರ್ತಿದ್ರು."

"ನಡಸ್ತಿದ್ರು. ಅರಿವಿ ಕಟ್ಟಿ ನಡಸ್ತಿದ್ರು."

"ಅಂದ ಮ್ಯಾಲ ತಪ್ಪು ಅವಂದು."

"ಅವರ್ದೂ ಅದ್ರಿ," ಎಂದಳು ಅಫ್ಶೀನ್. ದನಿ ಸಣ್ಣದಾಗಿತ್ತು, ಆದರೆ ಕೇಳಿಸಿತು. "ಒಲ್ಲೆ ಅಂದಿದ್ರ ಮರುದಿನ ಕೆಲಸ ಇರ್ತಿರಲಿಲ್ಲ. ಅರಿವಿ ಕಟ್ಟೋದು ಅವರ ಕೈಯಾಗಿತ್ತು, ಕಟ್ಟಿದ್ರು. ಹಗ್ಗ ತರೋದು ಅವರ ಕೈಯಾಗ ಇರಲಿಲ್ಲ."

*

ಹೊರಗೆ ಬಂದಾಗ ದೇವೀಂದ್ರಪ್ಪ ಕಾರಿನ ಬಾಗಿಲು ಹಿಡಿದು ನಿಂತಿದ್ದ. "ಶಾಣ್ಯಾಕಿ ಆಗೀದಿ ಬೇಟಿ," ಎಂದಷ್ಟೇ ಅಂದು ಕುಳಿತುಕೊಂಡ. ಪರ್ವೇಜ್, "ಮಾರ್ಕೆಟ್‌ನಾಗ ಕೆಲಸ ಅದ, ನೀ ಹೋಗಿರು," ಎಂದು ಅವಳ ಮುಖ ನೋಡದೆ ರಸ್ತೆ ದಾಟಿದ.

ಬಸ್ಸಿನಲ್ಲಿ ಮಹಾಗಾಂವದವರೆಗೆ ಮಾನಮ್ಮ ಜೊತೆಗಿದ್ದಳು. ಊರು ದಾಟಿ ತೊಗರಿ ಹೊಲಗಳು ಶುರುವಾದ ಮೇಲೆ ಅಫ್ಶೀನ್ ಅಂದಳು: "ಸಾವಕಾರ್ರು ನನ್ನನ್ನ ಮಗಳಂಗ ತಿಳಿದು ಹೆಸರು ಬರಸಿದ್ರು. ಅದರದೂ ಋಣ ಇತ್ತು ಮಾನಕ್ಕ. ಇವತ್ತ ಮುರೀತು."

ಮಾನಮ್ಮ ಅವಳ ಕಡೆ ತಿರುಗಿದಳು. "ಯಾರ್ ಹೇಳಿದ್ರು ಹಂಗಂತ?"

"ಅಬ್ಬಾನೇ."

"ಅವಗ ಹಂಗ ಹೇಳಿರಬೇಕು. ಪೇಂಟರ್ ಬಂದ ದಿನ ನಾ ಸಾವಕಾರನ ಮನಿ ಮುಂದ ಉಸುಕು ಸೋಸಾಕತ್ತಿದ್ದೆ. ಸಾವಕಾರ ಮೊದಲು ತನ್ನ ಮಗನ ಹೆಸರೇ ಬರಸಾಕ ಹೊಂಟಿದ್ದ. ಅವನ ಹೆಂಡತಿ ಒಳಗಿಂದ ಬಂದು ಬೈದಳು. ಕೈಕಾಲು ಮುರಿಯೋ ಯಂತ್ರದ ಮ್ಯಾಲ ನನ್ನ ಮಗನ ಹೆಸರು ಬ್ಯಾಡ, ಬ್ಯಾರೆ ಯಾರದರ ಬರಸ್ರಿ ಅಂತ." ಮಾನಮ್ಮ ಕಿಟಕಿಯ ಹೊರಗೆ ನೋಡಿದಳು. "ನಿಮ್ಮಪ್ಪ ಅಲ್ಲಿ ಇರಲಿಲ್ಲ. ಡೀಸೆಲ್ ತರಾಕ ಹೋಗಿದ್ದ. ಬಂದ ಮ್ಯಾಲ ಅಷ್ಟ್ ಖುಷಿ ಆದ. ಹೇಳಾಕ ಬಾಯಿ ಬರಲಿಲ್ಲ ನನಗ."

ಮಹಾಗಾಂವದಲ್ಲಿ ಬಸ್ಸು ನಿಂತಿತು. ಮಾನಮ್ಮ ಇಳಿಯಲು ತಡವಾಯಿತು. ಕಂಡಕ್ಟರ್ ಬೇಸರದಿಂದ ಕೈ ಹಿಡಿದ. ಅಫ್ಶೀನ್ ಕಂಕುಳಗೋಲು ಕೆಳಗೆ ಕೊಟ್ಟಳು. ಬಸ್ಸು ಹೊರಟಾಗ ಮಾನಮ್ಮ ಧೂಳಿನಲ್ಲಿ ಬದಿಗೆ ಸರಿಯುತ್ತಿರುವುದು ಕಂಡಿತು. ಅಲ್ಲಿಂದ ಕಮಲಾಪುರದವರೆಗೆ ಪಕ್ಕದ ಸೀಟಿನಲ್ಲಿ ಯಾರೂ ಕೂಡಲಿಲ್ಲ.

ಮನೆಯಲ್ಲಿ ಇಮಾಮಬಿ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ.

"ಹಂಗಾರ ಯಂತ್ರ ನಿಮ್ಮದಲ್ಲ."

"ಅಲ್ಲ ಅಮ್ಮೀ."

"ಅವತ್ತ ಓಣ್ಯಾಗ ನಿಂತಿದ್ದು?"

"ಕೆಲಸಕ್ಕ ನಿಂತಿತ್ತು."

ಇಮಾಮಬಿ ಮೊರ ತೆಗೆದುಕೊಂಡು ಬೇಳೆ ಆರಿಸತೊಡಗಿದಳು. ಸಂಜೆ ಪಕ್ಕದ ಮನೆಗೆ ಬಂದ ಹೊಸ ನೆಂಟರಿಗೆ ಸೊಸೆಯನ್ನು ತೋರಿಸಿ, "ನಮ್ಮ ಬಹು," ಎಂದಳು. ಮುಂದಿನ ಮಾತು ಹೇಳಲಿಲ್ಲ. ಅಫ್ಶೀನ್ ಆ ಮಾತಿಗಾಗಿ ಒಂದು ಕ್ಷಣ ಕಾದು, ಒಳಗೆ ಹೋದಳು.

ಮಳೆಗಾಲ ಕಳೆದ ಮೇಲೆ ತೀರ್ಪು ಬಂತು. ಪರಿಹಾರ ದೇವೀಂದ್ರಪ್ಪನೇ ಕೊಡಬೇಕು ಎಂದಾಯಿತು. ಮಾನಮ್ಮ ಫೋನು ಮಾಡಿ, "ಮ್ಯಾಲಿನ ಕೋರ್ಟಿಗೆ ಹೋಗ್ತೀನಿ ಅಂದಾನಂತ. ಹೋಗಲಿ, ಅವಗ ಎರಡು ಕಾಲ ಅವ," ಎಂದಳು. ಪರ್ವೇಜ್ ತನ್ನ ಅಪ್ಪ ಬಾಳೆಹಣ್ಣು ಮಾರಿದ ಜಾಗದಲ್ಲೇ ಬಾಳೆಹಣ್ಣು ಮಾರುತ್ತಿದ್ದ. ಹೆಂಡತಿಯ ಜೊತೆ ಬೇಕಾದಷ್ಟು ಮಾತಾಡುತ್ತಿದ್ದ, ಬಸ್ಸಿನಲ್ಲಿ ಮಾಡಿದಂಥ ಹುಡುಗಾಟ ಮಾತ್ರ ಮಾಡಲಿಲ್ಲ.

ಒಂದು ಮುಂಜಾನೆ ಅಫ್ಶೀನ್ ಅಂಗಡಿಗೆ ಹೊರಟಾಗ ಟ್ರ್ಯಾಕ್ಟರಿಗೆ ಕಟ್ಟಿದ ಮಿಲ್ಲರ್ ಒಂದು ಚಹಾದ ಹೋಟೆಲಿನ ಮುಂದೆ ನಿಂತಿತ್ತು. ಡ್ರಮ್ಮಿನ ಅಂಚಿನ ಹಳೆಯ ನೆಗ್ಗು ನೋಡಿದ ಕೂಡಲೇ ಅದೇ ಯಂತ್ರವೆಂದು ಅವಳಿಗೆ ಗುರುತು ಸಿಕ್ಕಿತು. ಮೊದಲು ಅವಳ ಕಣ್ಣು ಹೋದದ್ದು ಹಗ್ಗಕ್ಕೆ. ಹೊಸದು, ಎಣ್ಣೆ ಹಚ್ಚಿ ಮಿನುಗುತ್ತಿತ್ತು. ಆಮೇಲೆ ಹೆಸರು ನೋಡಿದಳು. ಬಿಳಿಯ ಮೇಲೆ ನೀಲಿ ಅಕ್ಷರ: ಬುಶ್ರಾ ಲಿಫ್ಟ್ ಮಿಲ್ಲರ್. ಎರಡೂ ಬದಿಗೆ ಗುಲಾಬಿ ಹೂವು.

ಚಹಾ ಕುಡಿಯುತ್ತಿದ್ದ ಯುವಕನನ್ನು ಕೇಳಿದಳು: "ಯಾರ ಹೆಸರು ಭಾಯಿ ಇದು?"

"ನನ್ನ ಮಗಳದು," ಎಂದ ಅವನು. ಮುಖ ಅರಳಿತು. "ಸಣ್ಣ ಕೂಸು, ಇನ್ನೂ ನಡಿಯಾಕ ಬರಂಗಿಲ್ಲ ಆಕಿಗೆ. ಸಾವಕಾರ್ರು ಪ್ರೀತಿಲೆ ಬರಸ್ಯಾರ. ತಮ್ಮ ಮಗಳಂಗ ಅಂತ."

ಅಫ್ಶೀನ್ ಯಂತ್ರದ ಹತ್ತಿರ ನಿಂತೇ ಇದ್ದಳು.

"ಅಳಿಸಿಬಿಡು ಭಾಯಿ."

"ಏನು?"

"ಹೆಸರು. ಬಣ್ಣ ಹಚ್ಚಿ ಅಳಿಸಿಬಿಡು. ಹಗ್ಗ ಹಳೇದಾಗ್ತದ."

ಅವನು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಪರರ ಮಗುವಿನ ಹೆಸರು ಕಂಡು ಹೊಟ್ಟೆಕಿಚ್ಚು ಪಡುವ ಹೆಂಗಸರನ್ನು ಅವನು ಬಹಳ ಕಂಡಿರಬೇಕು. "ನಡೀರಿ ನಡೀರಿ, ದೃಷ್ಟಿ ಹಚ್ಚಬ್ಯಾಡ್ರಿ," ಎಂದು ಚಹಾದ ಲೋಟ ಇಟ್ಟು ಟ್ರ್ಯಾಕ್ಟರ್ ಹತ್ತಿದ. ಮಿಲ್ಲರ್ ಹೊರಳುವಾಗ ಕೈ ಹೊರಗೆ ಚಾಚಿ, "ಬಾಜೂ! ಬಾಜೂ!" ಎಂದು ಕೂಗಿದ.

ಅಫ್ಶೀನ್ ಬದಿಗೆ ಸರಿದಳು.